ಕಂಬದ ಮರೆಯ ಅಲ್ಬೇನಿಯನ್ ಹಾಡುಗಾರ

ಲಂಡನ್ನಿಗೆ ಹೋಗಿ ಬಂದವರಿಗೆ ಧಾರವಾಡದಲ್ಲಿ ಒಂದು ಪರೀಕ್ಷೆ ಇರುತ್ತದೆ. ದೊಡ್ಡ ಗಡಿಯಾರ ನೋಡಿದಿರಾ, ಅರಮನೆ ನೋಡಿದಿರಾ, ಹಡಗು ಬಂದಾಗ ಎರಡು ಹೋಳಾಗಿ ಮೇಲೇಳುವ ಸೇತುವೆ ನೋಡಿದಿರಾ ಎಂದು ಬೆಳಗಿನ ವಾಕಿಂಗಿಗೆ ಬರುವವರೆಲ್ಲ ಕೇಳುತ್ತಾರೆ. ಮೂರನ್ನೂ ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಆದ್ದರಿಂದ ಪಾಸು. ಆದರೆ ಅಲ್ಲಿ ನೀವು ಕಣ್ಣು ಮಿಟುಕಿಸದೆ ನೋಡಿದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಒಂದು ಕಂಬ ಎಂದು ಹೇಳಬೇಕಾಗುತ್ತದೆ. ಹಳೆಯ ಥಿಯೇಟರೊಂದರ ದಪ್ಪನೆಯ ಕಂಬ, ಮತ್ತು ಅದರ ಪಕ್ಕದಲ್ಲಿ ಒಂದು ಮೊಳದಷ್ಟು ಸಂದಿಯಲ್ಲಿ ಕಾಣುತ್ತಿದ್ದ ಒಬ್ಬ ಮನುಷ್ಯ. ಈ ಬರಹ ಆ ಮನುಷ್ಯನ ಕುರಿತದ್ದು. ಗಡಿಯಾರದ ವಿಷಯ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಬಹುದು.

ಹೇಸ್

ನನ್ನ ತಂಗಿ ವಿಮಲಾ ಇರುವುದು ಹೇಸ್‌ನಲ್ಲಿ. ವಿಮಾನಗಳು ಹೊಟ್ಟೆ ತೋರಿಸಿಕೊಂಡು ತಲೆಯ ಮೇಲೆಯೇ ಇಳಿಯುವ ಬಡಾವಣೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದವರು ಒಗ್ಗರಣೆ ಹಾಕಿದರೆ ಇಲ್ಲಿ ನಮಗೆ ಸೀನು ಬರುತ್ತದೆ. ಅವಳ ಗಂಡ ಗುರುರಾಜನಿಗೆ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ರಾತ್ರಿ ಪಾಳಿ. ಹೀಗಾಗಿ ಅವನು ಹಗಲೆಲ್ಲ ಮಲಗಿರುತ್ತಾನೆ, ಮನೆಯಲ್ಲಿ ಯಾರೂ ದನಿ ಎತ್ತುವಂತಿಲ್ಲ.

ದನಿ ಎತ್ತದೆ ಇರುವುದು ನನಗೆ ಕಷ್ಟದ ಕೆಲಸ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು ನಾನು. ಬೆಳಿಗ್ಗೆ ಎದ್ದು ಷಡ್ಜ ಹಚ್ಚದಿದ್ದರೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಬಂದ ಮಾರನೆಯ ದಿನವೇ ಹಿಂದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ತಂಬೂರಿಯನ್ನು ಸಣ್ಣಗೆ ಹಚ್ಚಿ, ಕಳ್ಳಿಯ ಹಾಗೆ ಹಾಡತೊಡಗಿದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನೋಡುತ್ತೇನೆ, ನನ್ನ ಷಡ್ಜ ನಿಂತಿಲ್ಲ! ಮಾಳಿಗೆಯಿಂದ ಒಂದು ಗಂಡು ದನಿ ಅದನ್ನು ಹಿಡಿದುಕೊಂಡು ನಿಂತಿದೆ. ಫೋನು ಬಂದ್ ಮಾಡಿದೆ. ಆದರೂ ಅದು ನಿಲ್ಲಲಿಲ್ಲ. ಕೂದಲೆಳೆಯಷ್ಟೂ ಆಚೀಚೆ ಆಗದೆ, ಹೊಟ್ಟೆಯ ಆಳದಿಂದ ಎಳೆದ "ಏ..." ಎಂಬ ಒಂದೇ ಸ್ವರ.

ನಾನು ಬಾಗಿಲು ತೆರೆದು ಹೊರಗೆ ಬಂದಾಗ ವಿಮಲಾ ಆಫೀಸಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದಳು.

"ಗಾಬರಿ ಆಗಬ್ಯಾಡ ಅಕ್ಕಾ. ಅಂವಾ ನಮ್ಮ ಅಗ್ರೋಣ್ಣ. ಮ್ಯಾಲಿನ ರೂಮಿನಾಗ ಬಾಡಿಗಿ ಇದ್ದಾನ."

"ಯಾವೂರಾಂವ?"

"ಅಲ್ಬೇನಿಯಾದಾಂವ. ಒಪೇರಾದಾಗ ಹಾಡ್ತಾನ. ನಮ್ಮ ಕಂಪನಿ ನಾಟಕ ಇದ್ದಂಗ ಅಂತ ತಿಳಕೋ. ಆದ್ರ ಮಾತೇ ಇಲ್ಲ, ಬರೇ ಹಾಡು. ಸಾಯೂವಾಗೂ ಹಾಡಿಕೋತನ ಸಾಯ್ತಾರ."

ಅವನ ಹೆಸರು ಅಗ್ರೋನ್. ವಿಮಲಾ ಅದಕ್ಕೊಂದು ಒತ್ತು ಕೊಟ್ಟು ಧಾರವಾಡದವನನ್ನಾಗಿ ಮಾಡಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲು ಇಳಿದು ಬಂದ. ಐವತ್ತು ದಾಟಿದ ಆಳು, ಅಗಲವಾದ ಎದೆ, ನರೆತ ಗಡ್ಡ, ಕಾಲಲ್ಲಿ ಉಣ್ಣೆಯ ಚಪ್ಪಲಿ. ನನ್ನ ಇಂಗ್ಲಿಷು ಧಾರವಾಡದ್ದು, ಅವನದು ಅವನ ಊರಿನದು. ಎರಡೂ ಇಂಗ್ಲೆಂಡಿನವಲ್ಲದ್ದರಿಂದ ನಮಗೆ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯಿತು. ವಿಮಲಾ ಕರೆಯುವುದನ್ನು ಕೇಳಿ ಅವನೂ ನನ್ನನ್ನು ಅಕ್ಕಾ ಎಂದ. ತಮ್ಮನಾದ ಮೇಲೆ ಬಹುವಚನ ಏಕೆ?

"ಚಹಾ ಕುಡಿಯುತ್ತೀಯಾ?" ಎಂದು ಕೇಳಿದೆ. ಅವನು ತಲೆಯನ್ನು ಎಡಭುಜಕ್ಕೂ ಬಲಭುಜಕ್ಕೂ ವಾಲಿಸಿ ಆಡಿಸಿದ. ನಾನು ಕಪ್ಪು ತುಂಬಿ ಮುಂದಿಟ್ಟೆ. ಅವನು ಕಪ್ಪನ್ನೇ ನೋಡುತ್ತ ಕೂತ.

"ಅಕ್ಕಾ, ನಾನು ಹೌದು ಅಂದದ್ದು ನಿಮಗೆ ಹೇಗೆ ಗೊತ್ತಾಯಿತು?"

ಇದರಲ್ಲಿ ಗೊತ್ತಾಗದೆ ಇರುವುದೇನು ಎಂದು ನನಗೆ ಆಶ್ಚರ್ಯ. ಆಮೇಲೆ ಅವನು ಹೇಳಿದ. ಅವನ ಊರಿನಲ್ಲಿ ಹೌದು ಎನ್ನಲು ತಲೆಯನ್ನು ಅಡ್ಡಕ್ಕೆ ಆಡಿಸುತ್ತಾರಂತೆ. ಬೇಡ ಎನ್ನಲು ಗದ್ದ ಮೇಲೆತ್ತಿ ನಾಲಿಗೆಯಿಂದ "ಚ್" ಎನ್ನುತ್ತಾರಂತೆ. ಇಂಗ್ಲೆಂಡಿನಲ್ಲಿ ಅಡ್ಡ ತಲೆಯಾಡಿಸಿದರೆ ಬೇಡ ಎಂದು ಅರ್ಥ. ಬಂದ ಹೊಸದರಲ್ಲಿ ಯಾರಾದರೂ ಊಟಕ್ಕೆ ಕರೆದರೆ ಹಳೆಯ ಅಭ್ಯಾಸದಂತೆ ತಲೆಯಾಡಿಸಿ ಎಷ್ಟೋ ಊಟ ಕಳೆದುಕೊಂಡಿದ್ದಾನೆ. ನಾನು ನಕ್ಕು, ನಮ್ಮ ಕಡೆಯೂ ಹೌದಿಗೆ ತಲೆ ತೂಗುವುದು, ಬೇಡಕ್ಕೆ ಅದೇ "ಚ್", ಅದೇ ಗದ್ದ ಎಂದು ತೋರಿಸಿದೆ. ಸಂಗೀತ ಕೇಳುವಾಗಲಂತೂ ಮೆಚ್ಚಿದ್ದಕ್ಕೆ ಗುರುತೇ ತಲೆದೂಗುವುದು. ಕತ್ತು ಗಟ್ಟಿಯಾಗಿ ಕೂತ ಕೇಳುಗನ ಮುಂದೆ ನಮ್ಮ ಹಾಡುಗಾರರು ಅರ್ಧಕ್ಕೇ ತಂಬೂರಿ ಇಳಿಸಿಯಾರು ಎಂದೆ.

ಷಡ್ಜದ ಗುಟ್ಟೂ ಹೊರಬಿತ್ತು. ಅವನ ಊರು ಅಲ್ಬೇನಿಯಾದ ದಕ್ಷಿಣದಲ್ಲಿದೆ. ಅಲ್ಲಿ ಗಂಡಸರು ಮೇಜಿನ ಸುತ್ತ ಕೂತು ಹಾಡುತ್ತಾರೆ. ಒಬ್ಬ ಹಾಡು ಎತ್ತುತ್ತಾನೆ, ಇನ್ನೊಬ್ಬ ಅದಕ್ಕೆ ಉತ್ತರ ಕೊಡುತ್ತಾನೆ, ಉಳಿದವರೆಲ್ಲ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತಾರೆ. ಅದಕ್ಕೆ ಇಸೋ ಎಂದು ಹೆಸರು. ನಮಗೆ ತಂಬೂರಿ ಮಾಡುವ ಕೆಲಸವನ್ನು ಅವರು ಕೊರಳಿನಿಂದ ಮಾಡುತ್ತಾರೆ. ಅವನ ಅಪ್ಪ ಜೀವಮಾನವೆಲ್ಲ ಇಸೋ ಹಿಡಿದವನೇ ಹೊರತು ಒಮ್ಮೆಯೂ ಹಾಡು ಎತ್ತಿದವನಲ್ಲವಂತೆ. ಆ ಅಪ್ಪನನ್ನು ನಾನು ಕಂಡಿಲ್ಲ, ಆದರೂ ತುಂಬ ಹತ್ತಿರದವನು ಎನ್ನಿಸಿತು. ಕಾರಣ ಆಮೇಲೆ ಹೇಳುತ್ತೇನೆ.

ಕ್ಯಾನರಿ ವಾರ್ಫ್

ವಿಮಲಾಳ ಆಫೀಸು ಕ್ಯಾನರಿ ವಾರ್ಫಿನಲ್ಲಿ. ಮಧ್ಯಾಹ್ನ ಊಟದ ಬಿಡುವಿಗೆ ಬಾ, ನೀರಿನ ದಂಡೆಗೆ ಕೂತು ತಿನ್ನೋಣ ಎಂದಿದ್ದಳು. ನಾನು ಒಬ್ಬಳೇ ಹೋದರೆ ಸಮುದ್ರ ಸೇರುತ್ತೇನೆಂದು ಅಗ್ರೋನ್‌ನನ್ನು ಜೊತೆಗೆ ಹಾಕಿದಳು. ಅವನಿಗೆ ಆ ದಿನ ಕೆಲಸವಿರಲಿಲ್ಲ.

ಸಣ್ಣ ರೈಲೊಂದಕ್ಕೆ ಬದಲಿಸಿಕೊಂಡೆವು. ಎಲ್ಲಕ್ಕಿಂತ ಮುಂದಿನ ಸೀಟು ಖಾಲಿ ಇತ್ತು, ಎದುರಿಗೆ ಇಡೀ ಹಳಿ ಕಾಣುತ್ತಿತ್ತು. ಡ್ರೈವರ್ ಮಾತ್ರ ಇರಲಿಲ್ಲ. ಚಹಾ ಕುಡಿಯಲು ಹೋಗಿರಬೇಕು ಎಂದುಕೊಂಡೆ. ರೈಲು ಹೊರಟೇಬಿಟ್ಟಿತು. ನಾನು ಎದ್ದು ನಿಂತು "ಅಯ್ಯೋ, ಡ್ರೈವರ್ ಹಿಂದೇ ಉಳಿದ!" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಡಬ್ಬಿಯಲ್ಲಿದ್ದವರು ಯಾರೂ ತಲೆ ಎತ್ತಲಿಲ್ಲ. ಲಂಡನ್ನಿನಲ್ಲಿ ಯಾರಾದರೂ ಕೂಗಿದರೆ ಜನ ಫೋನಿನಲ್ಲಿ ಇನ್ನೂ ಆಳಕ್ಕೆ ಇಳಿಯುತ್ತಾರೆ. ಆ ರೈಲಿಗೆ ಡ್ರೈವರೇ ಇರುವುದಿಲ್ಲ ಎಂದು ಅಗ್ರೋನ್ ವಿವರಿಸುವಷ್ಟರಲ್ಲಿ ಇಳಿಯುವ ನಿಲ್ದಾಣ ದಾಟಿಹೋಗಿತ್ತು. ಇಬ್ಬರು ಬಾಯಿಬಡುಕರು ಒಟ್ಟಿಗೆ ಪ್ರಯಾಣ ಮಾಡಬಾರದು.

ಕೊನೆಗೂ ಬಂದು ಸೇರಿದೆವು. ವಿಮಲಾಗೆ ಮೀಟಿಂಗು ಮುಗಿದಿರಲಿಲ್ಲ. ಗಾಜಿನ ಕಟ್ಟಡಗಳ ನಡುವೆ ಹಿಂದೆ ಹಡಗುಗಳು ನಿಲ್ಲುತ್ತಿದ್ದ ಕಪ್ಪು ನೀರು. ಅದರ ದಂಡೆಯ ಬೆಂಚಿನ ಮೇಲೆ ಕೂತು ನಾನು ಕೇಳಿದೆ, "ನಿನ್ನ ಊರಿನಿಂದ ಈ ಒಪೇರಾಕ್ಕೆ ನೀನು ಹೇಗೆ ಬಿದ್ದೆ?"

ಅವನ ಅಪ್ಪ ಸರಕಾರದ ಲಾರಿ ಓಡಿಸುತ್ತಿದ್ದ. ಅವರ ಊರಿನಿಂದ ಸಮುದ್ರ ದಾಟಿದರೆ ಇಟಲಿ. ಆಗಿನ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಹೊರದೇಶದ ರೇಡಿಯೋ ಕೇಳುವುದು ಅಪರಾಧ. ಅಪ್ಪ ಮಗ ಇಬ್ಬರೂ ಕಂಬಳಿ ಮುಸುಕು ಹಾಕಿಕೊಂಡು, ಒಳಗೆ ರೇಡಿಯೋ ಇಟ್ಟುಕೊಂಡು ಇಟಲಿಯ ಹಾಡು ಕೇಳುತ್ತಿದ್ದರು. ಹಾಡುವವನು ಯಾರು, ಏನು ಹಾಡುತ್ತಾನೆ, ಏಕೆ ಅಳುತ್ತಾನೆ, ಯಾವುದೂ ಗೊತ್ತಿಲ್ಲ. "ಕಂಬಳಿಯೊಳಗೆ ಸೆಖೆ ಅಕ್ಕಾ. ಇವತ್ತಿಗೂ ಒಳ್ಳೆಯ ಟೆನರ್ ಹಾಡಿದರೆ ನನಗೆ ಬೆವರು ಬರುತ್ತದೆ" ಎಂದ. ಗಂಡಸರ ದನಿಗಳಲ್ಲಿ ಎತ್ತರಕ್ಕೆ ಏರುವ ದನಿ ಟೆನರ್. ಒಪೇರಾದಲ್ಲಿ ಪ್ರೀತಿ ಮಾಡುವವನು, ಮೋಸ ಹೋಗುವವನು, ಸಾಯುವವನು ಹೆಚ್ಚಾಗಿ ಅವನೇ.

ಶಾಲೆಯಲ್ಲಿ ಯಾರೋ ಮೇಷ್ಟರು ದನಿ ಗುರುತಿಸಿ ರಾಜಧಾನಿ ತಿರಾನಾಕ್ಕೆ ಕಳಿಸಿದರು. ಅಲ್ಲಿ ಕಲಿಯುತ್ತಿರುವಾಗಲೇ ಆಳ್ವಿಕೆ ಬಿತ್ತು, ಜನ ಹಡಗು ಹತ್ತಿದರು, ಇವನೂ ಹತ್ತಿದ. ಇಟಲಿಯಲ್ಲಿ ಹಗಲು ಮನೆಗಳ ಗೋಡೆಗೆ ಬಣ್ಣ ಬಳಿದ, ಸಂಜೆ ಮೇಳದಲ್ಲಿ ಹಾಡಿದ. ಬಳಿಕ ಲಂಡನ್ನು. ಇಲ್ಲಿ ಮದುವೆಗಳಲ್ಲಿ ಬಡಿಸುವವರ ವೇಷ ಹಾಕಿ, ತಟ್ಟೆ ಇಡುತ್ತಾ ಇಡುತ್ತಾ ಒಮ್ಮೆಲೇ ಹಾಡತೊಡಗಿ ನೆಂಟರನ್ನು ಬೆಚ್ಚಿಬೀಳಿಸುವ ಒಂದು ಉದ್ಯೋಗವಿದೆಯಂತೆ. ಅದನ್ನೂ ಮಾಡಿದ. ನಮ್ಮ ಕಡೆ ಬಡಿಸುವವನು ಹಾಡು ಶುರು ಮಾಡಿದರೆ ಸಾರು ಎಲ್ಲಿ ಎಂದು ಪಂಕ್ತಿಯವರು ಬೈಯುತ್ತಾರೆ ಎಂದೆ. ಇಲ್ಲಿಯೂ ಕೆಲವರು ಬೈಯುತ್ತಾರೆ ಎಂದ.

ಒಪೇರಾದಲ್ಲಿ ಅವನಿಗೆ ಸಿಕ್ಕಿದ್ದು ಪತ್ರ ತಂದುಕೊಟ್ಟು ಹೋಗುವ ಪಾತ್ರಗಳು, ಇಲ್ಲವೇ ಕವರ್ ಕೆಲಸ. ಕವರ್ ಎಂದರೆ ನಾಯಕನ ಪಾತ್ರವನ್ನು ಪೂರ್ತಿ ಕಲಿತು, ಆಟ ಇರುವ ದಿನವೆಲ್ಲ ಥಿಯೇಟರಿನ ಆಸುಪಾಸಿನಲ್ಲೇ ಇರಬೇಕು. ನಾಯಕ ಕಾಯಿಲೆ ಬಿದ್ದರೆ ಇವನು. ಬೀಳದಿದ್ದರೆ ಮನೆಗೆ. ಲಂಡನ್ನಿನ ನಾಯಕರೆಲ್ಲ ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕರೆ ಬಂದಿರಲಿಲ್ಲ.

"ಪ್ರತಿ ಶನಿವಾರ ಸಂಜೆ ಅಮ್ಮ ವಿಡಿಯೋದಲ್ಲಿ ಬರುತ್ತಾಳೆ" ಎಂದ ಅಗ್ರೋನ್. "ಊಟ ಆಯಿತಾ ಅಂತಲೂ ಕೇಳುವುದಿಲ್ಲ. ಹಾಡಿದೆಯಾ ಅಂತ ಒಂದೇ ಪ್ರಶ್ನೆ." ಗದ್ದ ಮೇಲೆತ್ತಿ "ಚ್" ಎಂದು ತೋರಿಸಿದ. ಅದು ಅವನ ಉತ್ತರ.

ಅವನ ಊರಿನ ಸಂಗೀತ ಶಾಲೆಯವರು ಮೇಷ್ಟರಾಗಿ ಬಾ ಎಂದು ಕರೆದಿದ್ದರು. ಅವನು ಈಗ ಕವರ್ ಆಗಿರುವ ಒಪೇರಾದ ಆಟಗಳು ಮುಗಿಯುವವರೆಗೆ ಕಾಯುತ್ತೇವೆ ಎಂದಿದ್ದರು. ಇನ್ನು ಉಳಿದಿದ್ದವು ಕೆಲವೇ ಆಟಗಳು.

"ಹೋಗಲಿಕ್ಕೆ ಆಸೆ ಇಲ್ಲವೇ?" ಎಂದೆ.

"ತುಂಬ ಇದೆ. ಆದರೆ ಮಕ್ಕಳು ಮೊದಲ ದಿನವೇ ಕೇಳುತ್ತಾರೆ, ಲಂಡನ್ನಿನಲ್ಲಿ ಏನು ಹಾಡಿದಿರಿ ಅಂತ. ಏನು ಹೇಳಲಿ ಅಕ್ಕಾ? ರೆಡಿ ಇದ್ದೆ ಅಂತಲೇ?"

ಒಮ್ಮೆ ಹಾಡದೆ ಊರಿಗೆ ಮುಖ ತೋರಿಸುವುದಿಲ್ಲ, ಇಲ್ಲೇ ಮದುವೆಗಳಲ್ಲಿ ತಟ್ಟೆ ಇಡುತ್ತಾ ಇರುತ್ತೇನೆ ಎಂದ. ಅಷ್ಟರಲ್ಲಿ ವಿಮಲಾ ಕೊರಳಲ್ಲಿ ಗುರುತಿನ ಚೀಟಿ ತೂಗಾಡಿಸುತ್ತಾ ಓಡಿ ಬಂದಳು. ಆ ಮೂವರ ಊಟದಲ್ಲಿ ಅವಳೊಬ್ಬಳೇ ಮಾತಾಡಿದಳು.

ಪಾರ್ಕ್ ರಾಯಲ್

ಒಪೇರಾದ ತಾಲೀಮು ಎಂದರೆ ಬಂಗಾರದ ಬಣ್ಣದ ಕಟ್ಟಡ, ಕೆಂಪು ಮಖಮಲ್ಲು ಎಂದು ಕಲ್ಪಿಸಿಕೊಂಡಿದ್ದೆ. ಅಗ್ರೋನ್ ನನ್ನನ್ನು ಕರೆದುಕೊಂಡು ಹೋದದ್ದು ಪಾರ್ಕ್ ರಾಯಲ್‌ಗೆ. ಸಾಲು ಸಾಲು ಗೋದಾಮು, ಹಿಂದಕ್ಕೆ ಚಲಿಸುವಾಗ ಕಿರುಚುವ ಲಾರಿಗಳು, ಎಲ್ಲಿಂದಲೋ ಸಿಹಿತಿಂಡಿ ಬೇಯುವ ವಾಸನೆ. ಕಣ್ಣು ಮುಚ್ಚಿದರೆ ನಮ್ಮ ಪೇಢೆಯ ಭಟ್ಟಿಯ ಮುಂದೆ ನಿಂತಂತಾಯಿತು. ಅಂಥ ಒಂದು ಗೋದಾಮಿನಲ್ಲಿ ಪಿಯಾನೋ ಇಟ್ಟುಕೊಂಡು ಕವರ್‌ಗಳ ತಾಲೀಮು ನಡೆದಿತ್ತು. ನೆಲದ ಮೇಲೆ ಬಣ್ಣದ ಪಟ್ಟಿ ಅಂಟಿಸಿ ಇದು ಮೆಟ್ಟಿಲು, ಇದು ಬಾಗಿಲು ಎಂದು ಗುರುತು ಮಾಡಿದ್ದರು. ನಿಜವಾದ ಮೆಟ್ಟಿಲು ಥಿಯೇಟರಿನಲ್ಲಿತ್ತು. ಅದು ಹಾಡಿನ ನಡುವೆ ಗಿರ್ರನೆ ತಿರುಗುತ್ತದಂತೆ. ಕವರ್‌ಗಳಿಗೆ ಅದರ ಮೇಲೆ ಹತ್ತಿ ಅಭ್ಯಾಸ ಮಾಡಲು ಇನ್ನೂ ಸರದಿ ಬಂದಿರಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಕೂತೆ. ಪಿಯಾನೋದವನು ಒಂದು ಕಡೆ ಸ್ವರವನ್ನು ಎಷ್ಟು ಚಂದ ಇಳಿಸಿದನೆಂದರೆ ನನ್ನ ತಲೆ ತಾನಾಗಿ ತೂಗಿತು. ಕೂಡಲೇ ತಾಲೀಮು ನೋಡಿಕೊಳ್ಳುವ ಹುಡುಗಿ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಏನಾದರೂ ತಪ್ಪಾಯಿತೇ, ನಿಮಗೆ ಸರಿಹೋಗುತ್ತಿಲ್ಲವೇ ಎಂದು ಪಿಸುಗುಟ್ಟಿದಳು. ನಾನು ತುಂಬ ಚೆನ್ನಾಗಿದೆ ಎಂದು ಹೇಳುತ್ತ ಮತ್ತೆ ತಲೆಯಾಡಿಸಿದೆ. ಅವಳು ಪೂರಾ ಗೊಂದಲಕ್ಕೆ ಬಿದ್ದು, ನೀರು ತಂದುಕೊಟ್ಟು ಹೋದಳು.

ಆಮೇಲೆ ಅಗ್ರೋನ್ ಹಾಡಿದ. ಹಾಡಿದ ಎಂದು ಹೇಗೆ ಹೇಳಲಿ? ಒಂದು ಕೈ ಜೇಬಿನಲ್ಲಿಟ್ಟುಕೊಂಡು ಗೊಣಗಿದ. ದನಿ ಏರಬೇಕಾದಲ್ಲಿ ಕೆಳಗಿನ ಸಪ್ತಕಕ್ಕೆ ಇಳಿದು ಜಾರಿಕೊಂಡ. ಪಾಪ, ಇಷ್ಟು ವರ್ಷ ಕಾದ ಮನುಷ್ಯನಿಗೆ ಕಾಯುವುದರಲ್ಲಿಯೇ ದನಿ ಹೋಗಿಬಿಟ್ಟಿದೆ, ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ.

ಮನೆಗೆ ಬಂದು ವಿಮಲಾಗೆ ಹೇಳಿದೆ, "ವಿಮ್ಮೀ, ಅಂವಗ ದನೀನ ಉಳದಿಲ್ಲ."

"ಹಂಗನಬ್ಯಾಡ ಅಕ್ಕಾ, ಪಾಪ. ಅದೊಂದ ಅವನ ಬದುಕು."

"ಅದಕ್ಕ ಹೇಳ್ಲಿಕ್ಕತ್ತೀನಿ. ಜೇಷ್ಠಮಧು ತಂದೀನಿ. ಕಷಾಯ ಮಾಡ್ತೀನಿ ತಡಿ."

ಶುಂಠಿ, ಮೆಣಸು, ಜೇಷ್ಠಮಧು ಕುದಿಸಿ ಅಗ್ರೋನ್‌ನ ಮುಂದಿಟ್ಟೆ. ಜೊತೆಗೆ ಉಪದೇಶವನ್ನೂ ಬಡಿಸಿದೆ. ಬೆಳಿಗ್ಗೆ ಎದ್ದು ಮಂದ್ರದಲ್ಲಿ ಸ್ವರ ಹಚ್ಚಬೇಕು, ಮೊಸರು ಬಿಡಬೇಕು, ಹೆದರಬಾರದು. ಅವನು ಕಷಾಯವನ್ನು ಕೊನೆಯ ಹನಿಯವರೆಗೆ ಕುಡಿದು, ಉಪದೇಶವನ್ನು ಕೊನೆಯ ಮಾತಿನವರೆಗೆ ಕೇಳಿ, ಬಳಿಕ ಮೆಲ್ಲಗೆ ಹೇಳಿದ. ಒಪೇರಾದವರು ತಾಲೀಮಿನಲ್ಲಿ ಪೂರ್ತಿ ದನಿ ತೆಗೆಯುವುದಿಲ್ಲವಂತೆ. ಮೈಕು ಇಲ್ಲದೆ ಇಡೀ ವಾದ್ಯವೃಂದದ ಮೇಲೆ ಹಾದು ಕೊನೆಯ ಸಾಲಿಗೆ ಕೇಳಿಸಬೇಕಾದ ದನಿ ಅದು. ದಿನವೂ ಖರ್ಚು ಮಾಡಿದರೆ ಆಟದ ದಿನಕ್ಕೆ ಉಳಿಯುವುದಿಲ್ಲ. ಅದಕ್ಕೇ ಗುರುತಿಗೆ ಮಾತ್ರ ಹಾಡಿ ಬಿಡುವುದು.

ನಾನು ಹೌದೇ ಎಂದೆ. ಒಳಗೊಳಗೆ ನಂಬಲಿಲ್ಲ. ನಮ್ಮ ಗುರುಗಳ ಮುಂದೆ ದನಿ ಉಳಿಸಿಕೊಂಡು ಹಾಡಿದ್ದರೆ ತಂಬೂರಿಯ ಸಮೇತ ಅಂಗಳಕ್ಕೆ ಹಾಕುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ಅವನಿಗೆ ಕನ್ನಡ ಬಾರದಿದ್ದರೂ ನುಂಗಿಕೊಂಡೆ.

ಥಿಯೇಟರು

ಲಂಡನ್ನಿಗೆ ಬಂದು ಒಂದು ಒಪೇರಾ ನೋಡದೆ ಹೋಗುವುದು ಬೇಡವೆಂದು ವಿಮಲಾ ಅಗ್ರೋನ್‌ನ ಒಪೇರಾದ ಕೊನೆಯ ಶನಿವಾರದ ಮಧ್ಯಾಹ್ನದ ಆಟಕ್ಕೆ ಎರಡು ಸೀಟು ಹಿಡಿದಳು. ಒಟ್ಟಿಗೆ ಸಿಗಲಿಲ್ಲ. ಅವಳದು ಎಲ್ಲಕ್ಕಿಂತ ಮೇಲಿನ ಬಾಲ್ಕನಿಯಲ್ಲಿ, ನನ್ನದು ಪಕ್ಕದ ಗೋಡೆಗೆ ಅಂಟಿದ ಬಾಲ್ಕನಿಯಲ್ಲಿ. ನನ್ನ ಟಿಕೇಟಿನ ಮೇಲೆ ನೋಟಕ್ಕೆ ಅಡ್ಡಿ ಇದೆ ಎಂದು ಅಚ್ಚುಹಾಕಿದ್ದರು. ಇಂಗ್ಲಿಷರು ವಿನಯಕ್ಕೆ ಹಾಗೆ ಬರೆಯುತ್ತಾರೆ ಎಂದುಕೊಂಡೆ. ಟಿಕೇಟು ನೋಡಿ ಅಗ್ರೋನ್ ಬಿದ್ದು ಬಿದ್ದು ನಕ್ಕಿದ್ದ. "ಅಕ್ಕಾ, ಅಲ್ಲಿ ಕಂಬ ಇದೆ. ಅಲ್ಲಿಂದ ವೇದಿಕೆಯ ಅಂಚಿನ ಬೆಂಕಿ ಆರಿಸುವ ಬಕೆಟ್ಟು ಮಾತ್ರ ಕಾಣುತ್ತದೆ."

ಶನಿವಾರ ನಾವಿಬ್ಬರೂ ಸೀರೆ ಉಟ್ಟು ಸ್ಟೇಷನ್ನಿಗೆ ಹೊರಡುವಾಗ ವಿಮಲಾಳ ಫೋನು ಬಡಿದುಕೊಂಡಿತು. ಅಗ್ರೋನ್. ನಾಯಕನಿಗೆ ಬೆಳಿಗ್ಗೆಯಿಂದ ಗಂಟಲು ಕಟ್ಟಿದೆ, ದನಿ ಪೂರಾ ಬಿದ್ದಿದೆ, ಹಾಡುವುದು ನಾನು ಎಂದ. ವಿಮಲಾ ರಸ್ತೆಯಲ್ಲೇ ನನ್ನನ್ನು ಹಿಡಿದು ಕುಣಿದಳು. ಆಮೇಲೆ ಮಿಕ್ಕ ಮಾತು ಬಂತು. ತಿರುಗುವ ಮೆಟ್ಟಿಲಿನ ಮೇಲೆ ಅಗ್ರೋನ್‌ಗೆ ಅಭ್ಯಾಸವಿಲ್ಲದ್ದರಿಂದ ಅವನನ್ನು ಅಲ್ಲಿಗೆ ಹತ್ತಿಸುವುದಿಲ್ಲ. ನಾಯಕನೇ ವೇಷ ಹಾಕಿ, ಬಾಯಿ ಆಡಿಸುತ್ತಾ ಅಭಿನಯಿಸುತ್ತಾನೆ. ಅಗ್ರೋನ್ ವೇದಿಕೆಯ ಅಂಚಿನಲ್ಲಿ ಕರಿ ಸೂಟು ಹಾಕಿ ನಿಂತು ಅವನ ಹಾಡು ಹಾಡಬೇಕು. ಒಪೇರಾದಲ್ಲಿ ಇದು ಹಳೆಯ ರೂಢಿಯಂತೆ.

"ಇದೆಂಥಾ ನ್ಯಾಯಾ ಅಕ್ಕಾ?" ರೈಲಿನಲ್ಲಿ ವಿಮಲಾ ಕುದಿಯುತ್ತಿದ್ದಳು. "ಇಷ್ಟ ವರ್ಷ ಕಾದದ್ದಕ್ಕ ಮೂಲ್ಯಾಗ ನಿಂದರಿಸ್ತಾರ. ಜನಾ ಎಲ್ಲಾ ಬಾಯಿ ಆಡಸಾಂವನ್ನ ನೋಡ್ತಾರ."

ಅಗ್ರೋನ್‌ನ ಅಪ್ಪ ಇಸೋ ಹಿಡಿದ ಹಾಗೆ, ಗುರುಗಳ ಹಿಂದೆ ತಂಬೂರಿ ಹಿಡಿದು ಕೂತು ಅರ್ಧ ಆಯುಷ್ಯ ಕಳೆದವಳು ನಾನು. ಅವರಿಗೆ ಉಸಿರು ಸಾಲದಾದಲ್ಲಿ ಸ್ವರ ತುಂಬುವುದು ನನ್ನ ಕೆಲಸ. ಸಭೆ ತಲೆದೂಗುತ್ತಿದ್ದುದು ಅವರ ಕಡೆಗೆ, ಅದು ಸರಿಯೇ. ಗುರುವಿನ ಹಿಂದೆ ಕೂರುವುದನ್ನು ನಾನು ಭಾಗ್ಯವೆಂದೇ ತಿಳಿದಿದ್ದೆ. ಆದರೆ ಆ ದಿನ ಅಗ್ರೋನ್‌ನ ಸುದ್ದಿ ಕೇಳಿ ನನಗೆ ಅಳು ಬಂತು. ಅವನಿಗಾಗಿ ಬಂತೋ ನನಗಾಗಿ ಬಂತೋ ಹೇಳಲಾರೆ.

ಸೀಟಿನಲ್ಲಿ ಕೂತ ಮೇಲೆ ಗೊತ್ತಾಯಿತು, ಇಂಗ್ಲಿಷರು ವಿನಯಕ್ಕೆ ಬರೆದಿರಲಿಲ್ಲ. ಎದುರಿಗೆ ಕಂಬ. ಮೆಟ್ಟಿಲಿಲ್ಲ, ಅರಮನೆಯಿಲ್ಲ, ಹಾಡುವವರಿಲ್ಲ. ಬಗ್ಗಿದರೂ ಅಷ್ಟೆ, ನಿಂತರೂ ಅಷ್ಟೆ. ಕಂಬದ ಎಡಕ್ಕೆ ಮಾತ್ರ ವೇದಿಕೆಯ ಅಂಚು ಒಂದು ಮೊಳ ಕಾಣುತ್ತಿತ್ತು. ಅಲ್ಲಿ ಕೆಂಪು ಬಕೆಟ್ಟಿನ ಪಕ್ಕ ಸ್ವರದ ಹಾಳೆ ಇಡುವ ಒಂದು ಸ್ಟ್ಯಾಂಡು, ಅದಕ್ಕೊಂದು ಪುಟ್ಟ ದೀಪ, ಕೆಳಗೆ ನೀರಿನ ಬಾಟಲಿ.

ಯಾರೋ ಪರದೆಯ ಮುಂದೆ ಬಂದು ನಾಯಕನ ಗಂಟಲಿನ ವಿಷಯ ಹೇಳಿದರು. ಸಭೆ ಒಮ್ಮೆಲೇ "ಓ..." ಎಂದು ಉಸಿರುಬಿಟ್ಟಿತು. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಮುಗಿದಿದೆ ಎಂದಾಗ ಬರುತ್ತದಲ್ಲ, ಅದೇ ಉಸಿರು. ಬದಲಿಗೆ ಹಾಡುವವರು ಎಂದು ಅಗ್ರೋನ್‌ನ ಹೆಸರು ಹೇಳಿದಾಗ ಅಲ್ಲೊಂದು ಇಲ್ಲೊಂದು ಚಪ್ಪಾಳೆ. ಎಲ್ಲಕ್ಕಿಂತ ಮೇಲಿನ ಬಾಲ್ಕನಿಯಿಂದ ಜೋರಾಗಿ ಬಂದದ್ದು ಯಾರದು ಎಂದು ನನಗೆ ಗೊತ್ತಿತ್ತು.

ಅವನು ಸ್ಟ್ಯಾಂಡಿನ ಹತ್ತಿರ ಬಂದು ನಿಂತ. ಕರಿ ಸೂಟು ಎದೆಗೆ ಬಿಗಿಯಾಗಿತ್ತು. ನನಗೆ ನೆನಪಾದದ್ದು ಪಾರ್ಕ್ ರಾಯಲ್‌ನ ಗೊಣಗಾಟ. ದೇವರೇ, ದನಿ ಇರಲಿ, ಇದೊಂದು ಸಲ ಇರಲಿ ಎಂದು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಅವನು ಬಾಯಿ ತೆರೆದ.

ಕಷಾಯ ಕುಡಿಸಿದ್ದಕ್ಕೆ ನಾನು ನಾಚಿಕೊಂಡೆ. ಅದು ಕಿವಿಗೆ ಬರುವ ದನಿಯಲ್ಲ, ಎದೆಗೂಡಿಗೆ ಬಂದು ಮುಟ್ಟುವ ದನಿ. ನಮ್ಮ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ, ಆಡಿಸುವುದಿಲ್ಲ. ಸ್ವರವನ್ನು ಬರಿಗಾಲಿನಲ್ಲಿ ಮೆಟ್ಟಿ ನಿಲ್ಲುತ್ತಾನೆ. ವಾದ್ಯಗಳೆಲ್ಲ ಏಕಕಾಲಕ್ಕೆ ಮೊಳಗಿದಾಗಲೂ ಅದು ಅವುಗಳ ಮೇಲಿಂದ ನಿರಾಯಾಸವಾಗಿ ಹಾದು ಬರುತ್ತಿತ್ತು. ಇಷ್ಟನ್ನು ಒಳಗಿಟ್ಟುಕೊಂಡು ಈ ಮನುಷ್ಯ ಇಷ್ಟು ದಿನ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ನೆರವಾಗುತ್ತಿದ್ದನೇ! ನನ್ನ ತಲೆ ತೂಗತೊಡಗಿತು. ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ.

ಪಕ್ಕದ ಸೀಟಿನಲ್ಲಿ ಮುತ್ತಿನ ಸರ ಹಾಕಿಕೊಂಡ ಒಬ್ಬ ಇಂಗ್ಲಿಷ್ ಅಜ್ಜಿ ಇದ್ದರು. ನಾನು ತಲೆಯಾಡಿಸುವುದನ್ನು ಅವರು ಮೊದಲಿಂದಲೂ ಕನಿಕರದಿಂದ ನೋಡುತ್ತಿದ್ದರು. ಬಿಡುವಿನಲ್ಲಿ ನನ್ನ ಕೈ ಮುಟ್ಟಿದರು. "ಪಾಪ, ನಿಮಗೆ ಏನೂ ಕಾಣುತ್ತಿಲ್ಲ, ಬೇಜಾರಾಗಿದೆ ಅಲ್ಲವೇ? ನಾನು ಈ ಒಪೇರಾ ಬೇಕಾದಷ್ಟು ಸಲ ನೋಡಿದ್ದೇನೆ. ನನ್ನ ಸೀಟಿಗೆ ಬನ್ನಿ, ಅರ್ಧ ವೇದಿಕೆಯಾದರೂ ಕಾಣುತ್ತದೆ."

ಅಷ್ಟು ಒಳ್ಳೆಯ ಮನಸ್ಸಿಗೆ ಬೇಡ ಎನ್ನಲು ಸಂಕೋಚವಾಯಿತು. "ತಾಯಿ, ನನ್ನದೇ ಎಲ್ಲಕ್ಕಿಂತ ಒಳ್ಳೆಯ ಸೀಟು" ಎಂದೆ. ಅವರು ಕಂಬವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಚೀಲದಿಂದ ಒಂದು ಚಾಕೊಲೇಟು ತೆಗೆದುಕೊಟ್ಟರು.

ಕೊನೆಯ ಅಂಕದಲ್ಲಿ ನಾಯಕನ ದೊಡ್ಡ ಹಾಡು. ಇಡೀ ಸಭೆಯ ಕಣ್ಣು ನನಗೆ ಕಾಣದ ಆ ಮೆಟ್ಟಿಲಿನ ಮೇಲಿತ್ತು. ತುತ್ತತುದಿಯ ಸ್ವರ ಬರುವ ಮುನ್ನ ವಾದ್ಯಗಳು ಒಂದು ಕ್ಷಣ ನಿಂತವು. ಅಗ್ರೋನ್ ಮುಖ ಎತ್ತಿ ಪಕ್ಕದ ಬಾಲ್ಕನಿಯತ್ತ, ಕಂಬದತ್ತ ನೋಡಿದ. ಅಲ್ಲಿ ನಾನು ಕೂತಿದ್ದೇನೆಂದು ಅವನಿಗೆ ಗೊತ್ತಲ್ಲ. ನಾನು ಕತ್ತು ಉಳುಕಿದರೂ ಚಿಂತೆಯಿಲ್ಲವೆಂದು ಈ ಭುಜದಿಂದ ಆ ಭುಜದವರೆಗೆ ತಲೆಯಾಡಿಸಿದೆ. ಹೌದು, ಹೌದು, ಹೌದು.

ಅವನು ಆ ಸ್ವರಕ್ಕೆ ಏರಿ ನಿಂತ. ಎಷ್ಟು ಹೊತ್ತು ನಿಂತನೆಂದು ನನಗೆ ಗೊತ್ತಿಲ್ಲ. ನನಗೆ ಬೆವರು ಬಂದಿತ್ತು.

ಆಟ ಮುಗಿದು ಎಲ್ಲರೂ ಸಾಲಾಗಿ ಬಂದು ನಮಸ್ಕಾರ ಮಾಡುವ ಹೊತ್ತು. ಕಂಬದ ಮರೆಯಿಂದ ನಾಯಕನ ವೇಷದ ಒಂದು ಜರಿಯ ತೋಳು ಚಾಚಿ ಬಂದು ಅಗ್ರೋನ್‌ನ ಕೈ ಹಿಡಿಯಿತು. ಅಗ್ರೋನ್ ಒಲ್ಲೆ ಎಂದು ಗದ್ದ ಮೇಲೆತ್ತಿದ. ಆ ಕೈ ಬಿಡದೆ ಎಳೆಯಿತು. ಅವನು ಒಂದು ಹೆಜ್ಜೆ ಹೋದ, ಇನ್ನೊಂದು ಹೆಜ್ಜೆ ಹೋದ, ಕಂಬದ ಹಿಂದೆ ಮಾಯವಾದ. ಆಗ ಎದ್ದಿತು ನೋಡಿ ಚಪ್ಪಾಳೆ! ನೆಲಕ್ಕೆ ಕಾಲು ಬಡಿಯುತ್ತಿದ್ದಾರೆ, ಕೂಗುತ್ತಿದ್ದಾರೆ, ಪಕ್ಕದ ಅಜ್ಜಿ ಎದ್ದು ನಿಂತಿದ್ದಾರೆ. ನನಗೆ ಕಾಣುತ್ತಿದ್ದುದು ಕೆಂಪು ಬಕೆಟ್ಟು, ಖಾಲಿ ಸ್ಟ್ಯಾಂಡು ಮತ್ತು ಅದರ ಮೇಲೆ ಇನ್ನೂ ಉರಿಯುತ್ತಿದ್ದ ಆ ಪುಟ್ಟ ದೀಪ. ಅವನು ನಡುವೆ ನಿಂತದ್ದನ್ನು ವಿಮಲಾ ನೋಡಿದಳು, ಊರೆಲ್ಲ ನೋಡಿತು. ನ್ಯಾಯವಾಗಿ ಅದು ನನಗೆ ಕಾಣಬೇಕಿರಲಿಲ್ಲ, ಏಕೆಂದರೆ ಮಿಕ್ಕದ್ದೆಲ್ಲ ನನ್ನೊಬ್ಬಳಿಗೇ ಕಂಡಿತ್ತು.

ಎಲಿಜಬೆತ್ ಲೈನು

ಸಂಜೆ ಎಲಿಜಬೆತ್ ಲೈನಿನ ರೈಲಿನಲ್ಲಿ ಮೂವರೂ ಹೇಸ್‌ಗೆ ಹಿಂತಿರುಗುತ್ತಿದ್ದೆವು. ವಿಮಲಾ ತಾನು ನೋಡಿದ್ದನ್ನೆಲ್ಲ ಹೇಳುತ್ತಿದ್ದಳು. ನಾಯಕ ಇವನನ್ನು ಮುಂದಕ್ಕೆ ತಳ್ಳಿ ತಾನು ಹಿಂದೆ ಸರಿದು ಚಪ್ಪಾಳೆ ತಟ್ಟಿದನಂತೆ. ಅಗ್ರೋನ್ ಏನೂ ಮಾತಾಡಲಿಲ್ಲ. ದನಿ ಉಳಿಸಿಕೊಳ್ಳುತ್ತಿದ್ದೀಯಾ ಎಂದು ಚೇಷ್ಟೆ ಮಾಡಿದೆ. ನಕ್ಕ.

ರೈಲು ಸುರಂಗದಿಂದ ಮೇಲೆ ಬಂದದ್ದೇ ಅವನ ಫೋನು ಬಡಿಯಿತು. ಶನಿವಾರ ಸಂಜೆಯಲ್ಲವೇ. ಪರದೆಯ ಮೇಲೆ ಕರಿ ವಸ್ತ್ರ ಕಟ್ಟಿದ ಪುಟ್ಟ ತಲೆಯೊಂದು ಮೂಡಿತು, ಮೂಗು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಅವನ ಅಮ್ಮ ಏನೋ ಕೇಳಿದಳು. ಅವಳ ಭಾಷೆಯ ಒಂದು ಶಬ್ದವೂ ನನಗೆ ಬಾರದು, ಆದರೆ ಅವಳಿಗೆ ಇರುವುದು ಒಂದೇ ಪ್ರಶ್ನೆ ಎಂದು ಗೊತ್ತಿತ್ತು.

ಅಗ್ರೋನ್ ಬಾಯಿ ತೆರೆದ. ದನಿ ಹೊರಡಲಿಲ್ಲ. ಅಷ್ಟು ದೊಡ್ಡ ಥಿಯೇಟರು ತುಂಬಿಸಿದ ಮನುಷ್ಯನಿಗೆ ಒಂದು ಶಬ್ದ ಬರಲಿಲ್ಲ. ಅವನ ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯಿತು. ಅವನು ತಲೆಯನ್ನು ಅಡ್ಡಕ್ಕೆ ಆಡಿಸಿದ. ಮತ್ತೆ ಆಡಿಸಿದ. ಫೋನಿನಲ್ಲಿ ಆ ಮುದುಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಳಿಕ ಎರಡೇ ಮಾತು ಹೇಳಿದಳು.

"ಇನ್ನು ಬಾ ಅಂತಾಳೆ" ಎಂದ ಅವನು ನಮ್ಮತ್ತ ತಿರುಗಿ.

ಎದುರಿಗೆ ಕೂತ ಇಂಗ್ಲಿಷಿನವನೊಬ್ಬ ಇದನ್ನೆಲ್ಲ ನೋಡುತ್ತಿದ್ದ. ದೊಡ್ಡ ಆಳು ಅಳುತ್ತಾ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದಾನೆ, ಪಕ್ಕದಲ್ಲಿ ಸೀರೆ ಉಟ್ಟ ಇಬ್ಬರು ಹೆಂಗಸರೂ ಅಳುತ್ತಾ ಹಾಗೆಯೇ ತಲೆಯಾಡಿಸುತ್ತಿದ್ದಾರೆ. ಯಾರೋ ತೀರಿಕೊಂಡಿರಬೇಕು ಎಂದುಕೊಂಡನೇನೋ. ಲಂಡನ್ನಿನ ರೈಲಿನಲ್ಲಿ ಅಪರಿಚಿತರು ಎಂದೂ ಮಾಡದ ಕೆಲಸ ಮಾಡಿದ. ಮುಂದೆ ಬಗ್ಗಿ, ಅಗ್ರೋನ್‌ನ ಮೊಣಕಾಲು ತಟ್ಟಿ, "ತುಂಬ ವಿಷಾದವಾಯಿತು" ಎಂದ.

ಅಗ್ರೋನ್ ಅವನಿಗೂ ತಲೆಯಾಡಿಸಿದ. ತಿಳಿಸಿ ಹೇಳೋಣವೆಂದು ವಿಮಲಾ ಬಾಯಿ ತೆರೆದಳು. ನಾನು ಅವಳ ಕೈ ಒತ್ತಿ ಹಿಡಿದೆ.